ಹಳೇ ಕಂಪ್ಯೂಟರ್ ಮಾನಿಟರ್‌ಗೆ ಪ್ಲೇಸ್ಟೇಷನ್ ಜೋಡಿಸುವುದು: ಟಿವಿ ಮುಂದಿನಿಂದ ಎತ್ತುವ ಮೊದಲು ಇಷ್ಟು ಮಾಡಿ

ಸಂಜೆ ಏಳರಿಂದ ಹತ್ತರವರೆಗೆ ನಮ್ಮ ಮನೆಯ ಟಿವಿ ಅಮ್ಮನದು. ಆಮೇಲೆ ಅಪ್ಪನ ನ್ಯೂಸ್. ಐಪಿಎಲ್ ಶುರುವಾಯಿತೆಂದರೆ ಎರಡು ತಿಂಗಳು ಬೇರೆ ಯಾರೂ ರಿಮೋಟ್ ಮುಟ್ಟುವ ಹಾಗಿಲ್ಲ. ಹೀಗಿರುವಾಗ ಅಕ್ಕನ ಮಗ ಪಿಯುಸಿ ಓದಲೆಂದು ತುಮಕೂರಿಗೆ, ನಮ್ಮ ಮನೆಗೆ ಬಂದ. ಅವನ ಬ್ಯಾಗಿನಲ್ಲಿ ಸೆಕೆಂಡ್ ಹ್ಯಾಂಡ್ ಪಿಎಸ್4 ಸ್ಲಿಮ್ (ಪ್ಲೇಸ್ಟೇಷನ್ 4 ಗೇಮ್ ಕನ್ಸೋಲಿನ ತೆಳು ಮಾಡೆಲ್) ಕೂಡ ಬಂತು. "ಮಾಮ, ಭಾನುವಾರ ಎರಡೇ ಗಂಟೆ" ಅಂದ. ಎರಡು ಗಂಟೆಯ ಆಟಕ್ಕೆ ಹೊಸ ಟಿವಿ ಯಾಕೆ ಬೇಕು? ಅಟ್ಟದ ಮೇಲೆ 2009ರಲ್ಲಿ ಕಂಪ್ಯೂಟರ್ ಜೊತೆ ತಂದಿದ್ದ 19 ಇಂಚಿನ ಮಾನಿಟರ್ ಹಳೇ ಬೆಡ್‌ಶೀಟ್ ಸುತ್ತಿಕೊಂಡು ಕೂತಿತ್ತು, ಅದನ್ನೇ ಇಳಿಸಿದೆವು.

ಈಗ ಅದರಲ್ಲೇ ಆಡುತ್ತಾನೆ. ಚಿತ್ರ ಚೆನ್ನಾಗಿದೆ, ಸೌಂಡೂ ಇದೆ. ಆದರೆ ಅಲ್ಲಿಗೆ ಬರಲು ಮೂರು ಭಾನುವಾರ ಹಿಡಿಯಿತು, ಬೇಡದ ಎರಡು ವೈರಿಗೆ ದುಡ್ಡೂ ಹೋಯಿತು. ಕೆಲಸವೇನೂ ಕಷ್ಟದ್ದಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಗೊತ್ತಿರಲಿಲ್ಲ. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ನನ್ನ ಕೈಯಲ್ಲಿದ್ದದ್ದು ಪಿಎಸ್4, ಹಾಗಾಗಿ ಅದರ ಮಾತೇ ಜಾಸ್ತಿ. ಎಕ್ಸ್‌ಬಾಕ್ಸ್, ನಿಂಟೆಂಡೋ ಸ್ವಿಚ್, ಹಳೇ ಪಿಎಸ್2 ಬಗ್ಗೆಯೂ ಅಲ್ಲಲ್ಲಿ ಹೇಳುತ್ತೇನೆ.

ಮೊದಲು ಮಾನಿಟರ್ ಬೆನ್ನು ನೋಡಿ

ಏನನ್ನೂ ಆರ್ಡರ್ ಮಾಡಬೇಡಿ. ಮಾನಿಟರನ್ನು ತಿರುಗಿಸಿ, ಮೊಬೈಲ್ ಟಾರ್ಚ್ ಹಾಕಿ, ಕೆಳಗಡೆಯಿಂದ ಬಗ್ಗಿ ನೋಡಿ. ಬಹಳಷ್ಟು ಹಳೇ ಮಾನಿಟರುಗಳಲ್ಲಿ ಪೋರ್ಟುಗಳು ನೆಲದ ಕಡೆ ಮುಖ ಮಾಡಿರುತ್ತವೆ, ನಿಂತು ನೋಡಿದರೆ ಕಾಣುವುದಿಲ್ಲ. ನಮ್ಮ ಮಾನಿಟರಿನಲ್ಲಿ ಎರಡು ಪೋರ್ಟ್ ಇದ್ದವು, ಹತ್ತು ವರ್ಷ ಬಳಸಿದರೂ ಎರಡನೆಯದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ನೀಲಿ ಬಣ್ಣದ್ದು, ಮೂರು ಸಾಲಿನಲ್ಲಿ 15 ತೂತು, ಎರಡೂ ಪಕ್ಕ ಸ್ಕ್ರೂ ಹಾಕುವ ಜಾಗ ಇದ್ದರೆ ಅದು ವಿಜಿಎ. 1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರುಗಳ (ಆಟದ ಪಿಎಸ್2 ಅಲ್ಲ) ಜೊತೆ ತಂದದ್ದು. ಬಿಳಿ ಬಣ್ಣದ್ದು, ಅದಕ್ಕಿಂತ ಅಗಲ, ಒಂದು ಕಡೆ ಚಪ್ಪಟೆ ಸೀಳು ಇದ್ದರೆ ಅದು ಡಿವಿಐ. ಅದು ಬಂದದ್ದು 1999ರಲ್ಲಿ. ಎಚ್‌ಡಿಎಂಐ ನಿಮಗೆ ಗೊತ್ತೇ ಇದೆ, ಟಿವಿ ಹಿಂದೆ ಇರುವಂಥದ್ದೇ.

ಇವುಗಳ ನಡುವಿನ ವ್ಯತ್ಯಾಸ ಬರೀ ಆಕಾರದ್ದಲ್ಲ, ಇದನ್ನು ಸ್ವಲ್ಪ ತಿಳಿದುಕೊಂಡರೆ ಅಂಗಡಿಯಲ್ಲಿ ದುಡ್ಡು ಉಳಿಯುತ್ತದೆ. ಪಿಎಸ್4 ಹೊರಗೆ ಕಳಿಸುವುದು ಡಿಜಿಟಲ್ ಸಿಗ್ನಲ್. ಡಿವಿಐ ಕೂಡ ಡಿಜಿಟಲ್, ಅಷ್ಟೇ ಅಲ್ಲ, ಚಿತ್ರವನ್ನು ಕಳಿಸುವ ರೀತಿ ಎಚ್‌ಡಿಎಂಐಯಲ್ಲಿ ಇರುವುದೇ. ಹಾಗಾಗಿ ಒಂದು ತುದಿ ಎಚ್‌ಡಿಎಂಐ, ಇನ್ನೊಂದು ತುದಿ ಡಿವಿಐ ಇರುವ ಸಾದಾ ಕೇಬಲ್ ಸಾಕು, ಮಧ್ಯೆ ಯಾವ ಚಿಪ್ಪೂ ಬೇಡ. ವಿಜಿಎ ಮಾತ್ರ ಅನಲಾಗ್. ಅಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ ಒಂದೊಂದು ತಂತಿ, ಅದರಲ್ಲಿ ವೋಲ್ಟೇಜ್ ಏರಿಳಿದ ಹಾಗೆ ಬಣ್ಣ ಗಾಢವಾಗುತ್ತದೆ, ತೆಳುವಾಗುತ್ತದೆ. ಡಿಜಿಟಲ್ ಸಿಗ್ನಲನ್ನು ಅನಲಾಗ್ ಮಾಡಲು ಒಂದು ಚಿಪ್ ಬೇಕೇ ಬೇಕು. ಒಂದು ಕಡೆ ಎಚ್‌ಡಿಎಂಐ, ಇನ್ನೊಂದು ಕಡೆ ವಿಜಿಎ ಪಿನ್ ಇರುವ, ಮಧ್ಯೆ ಏನೂ ಇಲ್ಲದ ಬರೀ ವೈರು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದು ಪಿಎಸ್4ಗೆ ಕೆಲಸ ಮಾಡುವುದಿಲ್ಲ. ನಾನು ದುಡ್ಡು ಕಳೆದುಕೊಂಡ ಮೊದಲ ವೈರು ಅದೇ.

ಮಾನಿಟರಿನಲ್ಲಿ ಎರಡೂ ಇದ್ದರೆ ಯೋಚನೆ ಮಾಡಬೇಡಿ, ಡಿವಿಐ ಬಳಸಿ. ಅಕ್ಷರ ಚೂಪಾಗಿ ಕಾಣುತ್ತದೆ, ಖರ್ಚು ಕಡಿಮೆ. ಡಿಸ್‌ಪ್ಲೇಪೋರ್ಟ್ ಅನ್ನುವ ಇನ್ನೊಂದು ಬಗೆಯ ಪೋರ್ಟ್ ಮಾತ್ರ ಇದ್ದರೆ ಹುಷಾರು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಡಿಸ್‌ಪ್ಲೇಪೋರ್ಟ್-ಎಚ್‌ಡಿಎಂಐ ಕೇಬಲ್ ಕಂಪ್ಯೂಟರಿನಿಂದ ಟಿವಿಗೆ ಹೋಗಲು ಮಾಡಿದ್ದು, ಉಲ್ಟಾ ಹಾಕಿದರೆ ನಡೆಯುವುದಿಲ್ಲ. ಎಚ್‌ಡಿಎಂಐಯಿಂದ ಡಿಸ್‌ಪ್ಲೇಪೋರ್ಟಿಗೆ ಹೋಗುವ, ಒಳಗೆ ಚಿಪ್ ಇರುವ ಕನ್ವರ್ಟರ್ ಬೇರೆಯೇ ಇದೆ, ಅದನ್ನೇ ಕೇಳಿ.

ಪರದೆಯ ಅಳತೆ

ಮಾನಿಟರಿನ ಹಿಂದಿನ ಚೀಟಿಯಲ್ಲಿ ಮಾಡೆಲ್ ನಂಬರ್ ಇರುತ್ತದೆ, ಅದನ್ನು ಹುಡುಕಿದರೆ ರೆಸಲ್ಯೂಷನ್, ಅಂದರೆ ಪರದೆಯಲ್ಲಿ ಅಡ್ಡಕ್ಕೆ ಎಷ್ಟು ಚುಕ್ಕಿ, ಎತ್ತರಕ್ಕೆ ಎಷ್ಟು ಚುಕ್ಕಿ ಅನ್ನುವುದು ಸಿಗುತ್ತದೆ. ಚೌಕಾಕಾರದ 15 ಇಂಚಿನವು ಸಾಮಾನ್ಯವಾಗಿ 1024×768, ಚೌಕದ 17 ಇಂಚಿನವು 1280×1024. ಸ್ವಲ್ಪ ಅಗಲದ 19 ಇಂಚಿನವು 1440×900, 22 ಇಂಚಿನವು 1680×1050.

ಗೇಮ್ ಕನ್ಸೋಲುಗಳು ಈ ಅಳತೆಗಳನ್ನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ಅವು ಟಿವಿಗಾಗಿ ಹುಟ್ಟಿದವು. ಪಿಎಸ್4 ಕಳಿಸುವುದು 720ಪಿ, ಅಂದರೆ 1280×720, ಇಲ್ಲವೇ 1080ಪಿ, ಅಂದರೆ 1920×1080. ಎರಡರ ಆಕಾರವೂ 16:9. ಮಾನಿಟರ್ ಅದನ್ನು ತನ್ನ ಪರದೆಗೆ ಹೊಂದಿಸಿಕೊಳ್ಳುತ್ತದೆ, ಹೊಂದಿಸುವಾಗ ಎಳೆಯುತ್ತದೆ. 1440×900 ಮಾನಿಟರಿನ ಆಕಾರ 16:10, ಅಲ್ಲಿ ಚಿತ್ರ ಎತ್ತರಕ್ಕೆ ಶೇಕಡಾ 11ರಷ್ಟು ಹಿಗ್ಗುತ್ತದೆ. ಎರಡು ದಿನ ಆಡಿದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ. 1280×1024ರಲ್ಲಿ ಹಾಗಲ್ಲ, ಶೇಕಡಾ 42ರಷ್ಟು ಹಿಗ್ಗುತ್ತದೆ. ಫುಟ್‌ಬಾಲ್ ಕೋಳಿಮೊಟ್ಟೆ ನಿಲ್ಲಿಸಿದ ಹಾಗೆ ಕಾಣುತ್ತದೆ, ಆಟಗಾರರೆಲ್ಲ ಉದ್ದುದ್ದ. ಕೆಲವು ಮಾನಿಟರುಗಳ ಮೆನುವಿನಲ್ಲಿ "ಆಸ್ಪೆಕ್ಟ್" ಅನ್ನುವ ಆಯ್ಕೆ ಇರುತ್ತದೆ, ಅದನ್ನು ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಚಿತ್ರ ಸರಿಯಾದ ಆಕಾರಕ್ಕೆ ಬರುತ್ತದೆ. ಆ ಆಯ್ಕೆ ಇಲ್ಲದ ಚೌಕದ ಮಾನಿಟರ್ ಆದರೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ: ಕಾರ್ ರೇಸ್, ಫುಟ್‌ಬಾಲ್ ಆಡುವವರು ಅದಕ್ಕೆ ದುಡ್ಡು ಹಾಕಬೇಡಿ. ಅದೇ ಖರ್ಚಿಗೆ ಇನ್ನು ಸ್ವಲ್ಪ ಸೇರಿಸಿ ಸೆಕೆಂಡ್ ಹ್ಯಾಂಡ್ ಅಗಲದ ಮಾನಿಟರ್ ಹುಡುಕುವುದು ವಾಸಿ.

ಟಿವಿ ಮುಂದೆ ಇರುವಾಗಲೇ ಮಾಡುವ ಕೆಲಸ

ನಮ್ಮ ಮೊದಲ ಭಾನುವಾರ ಹಾಳಾದದ್ದು ಇಲ್ಲಿ. ಗೆಳೆಯನ ಹತ್ತಿರ ಎಚ್‌ಡಿಎಂಐ-ಡಿವಿಐ ಕೇಬಲ್ ಇತ್ತು, ತಂದೆ, ಪಿಎಸ್4 ಎತ್ತಿಕೊಂಡು ಒಳಕೋಣೆಗೆ ಹೋಗಿ ಜೋಡಿಸಿದೆ. ಪರದೆ ಕಪ್ಪು. ಮಾನಿಟರಿನ ದೀಪ ಹಸಿರಾಗುತ್ತದೆ, ಪಿಎಸ್4 ದೀಪ ಬಿಳಿಯಾಗುತ್ತದೆ, ಚಿತ್ರ ಮಾತ್ರ ಇಲ್ಲ. ಕೇಬಲ್ ಕೆಟ್ಟಿದೆ ಅಂದುಕೊಂಡೆ. ಕೇಬಲ್ ಚೆನ್ನಾಗೇ ಇತ್ತು.

ಕಾರಣ ಎಚ್‌ಡಿಸಿಪಿ ಅನ್ನುವ ಬೀಗ. ಸಿನಿಮಾ ಯಾರೂ ಕಾಪಿ ಮಾಡಬಾರದು ಅಂತ ಚಿತ್ರ ಕಳಿಸುವ ಸಾಧನ, ಚಿತ್ರ ತೋರಿಸುವ ಸಾಧನ ಎರಡೂ ಮೊದಲು ಗುರುತು ಹೇಳಿಕೊಳ್ಳಬೇಕು, ಹೊಂದಿದರೆ ಮಾತ್ರ ಚಿತ್ರ. ಹಳೇ ಮಾನಿಟರುಗಳಲ್ಲಿ ಎಷ್ಟೋ ಕಡೆ ಈ ಗುರುತಿನ ವ್ಯವಸ್ಥೆಯೇ ಇಲ್ಲ. ಪಿಎಸ್4ನಲ್ಲಿ ಇದು ಮೊದಲಿನಿಂದಲೇ ಆನ್ ಆಗಿರುತ್ತದೆ. ಅದನ್ನು ಆಫ್ ಮಾಡಬಹುದು, ಆದರೆ ಆಫ್ ಮಾಡಲು ಮೆನು ಕಾಣಬೇಕು, ಮೆನು ಕಾಣಬೇಕಾದರೆ ಟಿವಿ ಬೇಕು. ಪಿಎಸ್4 ಮತ್ತೆ ಹೊತ್ತುಕೊಂಡು ಹಾಲ್‌ಗೆ ಬಂದಾಗ ಅಮ್ಮನ ಧಾರಾವಾಹಿ ಶುರುವಾಗಿತ್ತು, ಆ ದಿನದ ಕೆಲಸ ಅಲ್ಲಿಗೇ ನಿಂತಿತು.

ಅದಕ್ಕೇ ಹೇಳುವುದು, ಟಿವಿಯಿಂದ ಬಿಚ್ಚುವ ಮೊದಲೇ ಇಷ್ಟು ಮುಗಿಸಿ. "ಸೆಟ್ಟಿಂಗ್ಸ್" ಒಳಗೆ "ಸಿಸ್ಟಮ್" ಗೆ ಹೋಗಿ, ಅಲ್ಲಿ "ಎನೇಬಲ್ ಎಚ್‌ಡಿಸಿಪಿ" ಮುಂದಿನ ಟಿಕ್ ತೆಗೆಯಿರಿ. ಪಿಎಸ್5 ಆದರೆ "ಸಿಸ್ಟಮ್" ಒಳಗೆ "ಎಚ್‌ಡಿಎಂಐ" ಅಂತ ಇನ್ನೊಂದು ಮೆನು ಇದೆ, ಅದರೊಳಗೆ ಇದೇ ಹೆಸರಿನ ಆಯ್ಕೆ. ಇದನ್ನು ತೆಗೆದರೆ ಆಟಕ್ಕೆ ಏನೂ ತೊಂದರೆ ಇಲ್ಲ, ಆದರೆ ಸಿನಿಮಾ ನೋಡುವ ಆ್ಯಪುಗಳು ಓಡುವುದಿಲ್ಲ. ಪಿಎಸ್3 ಇರುವವರಿಗೆ ಈ ದಾರಿ ಇಲ್ಲ, ಅದರ ಎಚ್‌ಡಿಎಂಐಯಲ್ಲಿ ಈ ಬೀಗ ಯಾವಾಗಲೂ ಹಾಕಿರುತ್ತದೆ, ತೆಗೆಯುವ ಆಯ್ಕೆಯನ್ನೇ ಕೊಟ್ಟಿಲ್ಲ.

ಆಮೇಲೆ "ಸೌಂಡ್ ಆ್ಯಂಡ್ ಸ್ಕ್ರೀನ್" ಒಳಗೆ "ವಿಡಿಯೋ ಔಟ್‌ಪುಟ್ ಸೆಟ್ಟಿಂಗ್ಸ್" ಗೆ ಹೋಗಿ ರೆಸಲ್ಯೂಷನ್ 720ಪಿ ಮಾಡಿ. "ಆಟೋಮ್ಯಾಟಿಕ್" ಅಂತ ಬಿಡಬಹುದು, ಆದರೆ ಮೊದಲ ಸಲ 720ಪಿ ಹಾಕಿದರೆ ಚಿತ್ರ ಬರುವ ಸಂಭವ ಜಾಸ್ತಿ. ಬಂದ ಮೇಲೆ 1080ಪಿ ಪ್ರಯತ್ನಿಸಿ. 1080ಐ ಮಾತ್ರ ಮುಟ್ಟಬೇಡಿ. ಅದು ಒಂದು ಸಲ ಬೆಸ ಗೆರೆ, ಇನ್ನೊಂದು ಸಲ ಸರಿ ಗೆರೆ ಕಳಿಸುವ ಟಿವಿ ಪದ್ಧತಿ, ಕಂಪ್ಯೂಟರ್ ಮಾನಿಟರುಗಳಲ್ಲಿ ಬಹಳಷ್ಟಕ್ಕೆ ಅದು ಅರ್ಥವಾಗುವುದಿಲ್ಲ.

ಟಿವಿ ಮುಂದೆಯೇ ಮಾಡುವ ಇನ್ನೊಂದು ಕೆಲಸ ಸೌಂಡಿನದು. "ಆಡಿಯೋ ಔಟ್‌ಪುಟ್ ಸೆಟ್ಟಿಂಗ್ಸ್" ನಲ್ಲಿ ಆಡಿಯೋ ಫಾರ್ಮ್ಯಾಟ್ "ಲೀನಿಯರ್ ಪಿಸಿಎಂ" ಇರಲಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ವಿಜಿಎ ಮಾತ್ರ ಇದ್ದರೆ

ಹಳೇ ಮಾನಿಟರ್ ಇರುವವರಲ್ಲಿ ಹೆಚ್ಚಿನವರದು ಇದೇ ಸ್ಥಿತಿ, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ನಮ್ಮ ಮಾನಿಟರ್ ಆದ ಮೇಲೆ ಪಕ್ಕದ ಮನೆಯವರ 17 ಇಂಚಿನದಕ್ಕೂ ನಾನೇ ಜೋಡಿಸಿಕೊಟ್ಟೆ, ಅಲ್ಲಿ ಇದ್ದದ್ದು ವಿಜಿಎ ಒಂದೇ.

ಬೇಕಾದದ್ದು ಎಚ್‌ಡಿಎಂಐ ಟು ವಿಜಿಎ ಕನ್ವರ್ಟರ್. ಹೆಸರಿನ ಕ್ರಮ ಗಮನಿಸಿ. ವಿಜಿಎ ಟು ಎಚ್‌ಡಿಎಂಐ ಅಂತ ಇನ್ನೊಂದಿದೆ, ಹೊರಗಿನಿಂದ ನೋಡಿದರೆ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ, ಕೆಲಸ ಮಾತ್ರ ಪೂರ್ತಿ ಉಲ್ಟಾ. ಆನ್‌ಲೈನಿನಲ್ಲಿ ತರಿಸಿದಾಗ ನನಗೆ ಬಂದದ್ದು ಉಲ್ಟಾದ್ದು. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ಕೇಳಿದೆ, ಅಲ್ಲಿಯ ಹುಡುಗ ಮೊದಲು ಕೇಳಿದ್ದೇ "ಸಾರ್, ಸಿಗ್ನಲ್ ಯಾವುದರಿಂದ ಬರುತ್ತೆ, ಯಾವುದಕ್ಕೆ ಹೋಗುತ್ತೆ?" ಅಂತ. ಒಳ್ಳೆಯ ಪ್ರಶ್ನೆ. ನೀವೂ ಹಾಗೇ ಹೇಳಿ ಕೊಳ್ಳಿ: ಪಿಎಸ್4ನಿಂದ ಬರುತ್ತೆ, ಮಾನಿಟರಿಗೆ ಹೋಗುತ್ತೆ.

ಕೊಳ್ಳುವಾಗ ಕನ್ವರ್ಟರಿನ ಪಕ್ಕದಲ್ಲಿ ಎರಡು ಸಣ್ಣ ತೂತು ಇದೆಯಾ ನೋಡಿ. ಒಂದು 3.5 ಎಂಎಂ ಆಡಿಯೋ ಜ್ಯಾಕ್, ಇನ್ನೊಂದು ಕರೆಂಟಿಗಾಗಿ ಇರುವ ಮೈಕ್ರೋ ಯುಎಸ್‌ಬಿ. ಎರಡೂ ಇರುವುದನ್ನೇ ತೆಗೆದುಕೊಳ್ಳಿ, ಐವತ್ತು ನೂರು ಜಾಸ್ತಿಯಾದರೂ ಪರವಾಗಿಲ್ಲ. ಆಡಿಯೋ ಜ್ಯಾಕ್ ಯಾಕೆ ಅಂದರೆ ವಿಜಿಎ ಕೇಬಲಿನಲ್ಲಿ ಸೌಂಡ್ ಹೋಗುವುದೇ ಇಲ್ಲ, ಕನ್ವರ್ಟರ್ ಅದನ್ನು ಇಲ್ಲೇ ಇಳಿಸಿಕೊಡಬೇಕು. ಕರೆಂಟಿನ ತೂತು ಯಾಕೆ ಅಂದರೆ, ಒಳಗಿನ ಚಿಪ್ಪಿಗೆ ಕರೆಂಟ್ ಬೇಕು. ಎಚ್‌ಡಿಎಂಐಯ 18ನೇ ಪಿನ್ನಿನಲ್ಲಿ 5 ವೋಲ್ಟ್ ಬರುತ್ತದೆ ನಿಜ, ಆದರೆ ಸಾಧನಗಳು ಖಾತರಿಯಾಗಿ ಕೊಡಬೇಕಾದದ್ದು ಬರೀ 55 ಮಿಲಿಆಂಪ್. ಕೆಲವು ಕನ್ವರ್ಟರುಗಳಿಗೆ ಅದು ಸಾಲುವುದಿಲ್ಲ. ಆಗ ಚಿತ್ರ ಒಂದು ನಿಮಿಷ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಜನ ಮಾನಿಟರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಮೊಬೈಲಿನ ಹಳೇ ಚಾರ್ಜಿಂಗ್ ವೈರನ್ನು ಪಿಎಸ್4ನ ಯುಎಸ್‌ಬಿಯಿಂದ ಕನ್ವರ್ಟರಿಗೆ ಹಾಕಿ ನೋಡಿ, ಪಕ್ಕದ ಮನೆಯಲ್ಲಿ ಅಷ್ಟಕ್ಕೇ ಚಿತ್ರ ನಿಂತಿತು. ಕನ್ವರ್ಟರ್ ಸ್ವಲ್ಪ ಬೆಚ್ಚಗಾಗುತ್ತದೆ, ಹೆದರಬೇಡಿ.

ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ. ನೇರವಾಗಿ ಪಿಎಸ್4 ಹಿಂದಕ್ಕೆ ಚುಚ್ಚುವ ಗಟ್ಟಿ ತುಂಡಿನಂಥ ಕನ್ವರ್ಟರಿಗಿಂತ, ಗೇಣುದ್ದ ವೈರಿನ ತುದಿಯಲ್ಲಿ ಇರುವುದು ಒಳ್ಳೆಯದು. ವಿಜಿಎ ಕೇಬಲ್ ದಪ್ಪ, ಭಾರ. ಆ ಭಾರವೆಲ್ಲ ಪಿಎಸ್4ನ ಸಣ್ಣ ಎಚ್‌ಡಿಎಂಐ ಪೋರ್ಟಿನ ಮೇಲೆ ಜೋತುಬಿದ್ದರೆ ಒಳಗಿನ ಪಿನ್ ಬಾಗುತ್ತದೆ, ರಿಪೇರಿಗೆ ಹೋದರೆ ಕನ್ವರ್ಟರಿನ ಹತ್ತು ಪಟ್ಟು ಕೇಳುತ್ತಾರೆ. ಕನ್ವರ್ಟರನ್ನು ಮೇಜಿನ ಮೇಲೆ ಮಲಗಿಸಿಡಿ, ನೇತಾಡಲು ಬಿಡಬೇಡಿ.

ಸೌಂಡ್ ಎಲ್ಲಿಂದ?

ಎಲ್ಲರೂ ಮರೆಯುವುದು ಇದನ್ನೇ. ಎರಡನೇ ಭಾನುವಾರ ಡಿವಿಐಯಲ್ಲಿ ಚಿತ್ರ ಬಂತು, ಹುಡುಗ ಕುಣಿದ, ಆಟ ಶುರುವಾಯಿತು, ಮನೆ ಪೂರ್ತಿ ಮೌನ. ಹಳೇ ಮಾನಿಟರುಗಳಲ್ಲಿ ಸ್ಪೀಕರ್ ಇರುವುದು ಅಪರೂಪ, ಇದ್ದರೂ ಅದಕ್ಕೆ ಸೌಂಡ್ ಬರುವುದು ಹಿಂದಿನ ಹಸಿರು ಜ್ಯಾಕಿನಿಂದ, ವಿಜಿಎ ಅಥವಾ ಡಿವಿಐಯಿಂದ ಅಲ್ಲ.

ಒಂದು ಪೈಸೆ ಖರ್ಚಿಲ್ಲದ ದಾರಿ ಕಂಟ್ರೋಲರಿನಲ್ಲೇ ಇದೆ. ಪಿಎಸ್4 ಕಂಟ್ರೋಲರಿನ ಕೆಳಗಡೆ 3.5 ಎಂಎಂ ಜ್ಯಾಕ್ ಇದೆ ಅಲ್ವಾ, ಮೊಬೈಲಿನ ಹಳೇ ಇಯರ್‌ಫೋನ್ ಅದಕ್ಕೆ ಹಾಕಿ. ಮೊದಲು ಬರೀ ಆನ್‌ಲೈನಿನಲ್ಲಿ ಜೊತೆಗೆ ಆಡುವವರ ಮಾತಿನ ಸೌಂಡ್ ಬರಬಹುದು. "ಡಿವೈಸಸ್" ಒಳಗೆ "ಆಡಿಯೋ ಡಿವೈಸಸ್", ಅಲ್ಲಿ "ಔಟ್‌ಪುಟ್ ಟು ಹೆಡ್‌ಫೋನ್ಸ್" ಅನ್ನುವುದನ್ನು "ಆಲ್ ಆಡಿಯೋ" ಮಾಡಿ. ಮುಗಿಯಿತು. ಪಿಎಸ್5 ಕಂಟ್ರೋಲರಿನಲ್ಲೂ ಜ್ಯಾಕ್ ಇದೆ. ನಿಂಟೆಂಡೋ ಸ್ವಿಚ್ ಆದರೆ ಟಿವಿಗೆ ಜೋಡಿಸುವ ಡಾಕಿನಲ್ಲಿ ಕೂತಿದ್ದಾಗಲೂ ಅದರ ತಲೆಯ ಮೇಲಿನ ಜ್ಯಾಕ್ ಕೆಲಸ ಮಾಡುತ್ತದೆ, ಅದರಿಂದ ಒಂದು ವೈರು ಸ್ಪೀಕರಿಗೆ ಎಳೆದರೆ ಸಾಕು. ಬ್ಲೂಟೂತ್ ಇಯರ್‌ಫೋನ್ ಇದೆ, ಅದನ್ನೇ ಹಾಕೋಣ ಅಂದುಕೊಂಡರೆ ಪಿಎಸ್4 ಒಪ್ಪುವುದಿಲ್ಲ, ಪಿಎಸ್5 ಕೂಡ ನೇರವಾಗಿ ಒಪ್ಪುವುದಿಲ್ಲ. ಸ್ವಿಚ್ 2021ರ ಸೆಪ್ಟೆಂಬರಿನ ಅಪ್‌ಡೇಟ್ ಆದ ಮೇಲೆ ಒಪ್ಪುತ್ತದೆ.

ಇಬ್ಬರು ಕೂತು ಆಡುವಾಗ ಇಯರ್‌ಫೋನ್ ಸಾಲುವುದಿಲ್ಲ, ಸ್ಪೀಕರ್ ಬೇಕು. ಮೊದಲ ಪಿಎಸ್4 ಮತ್ತು ಪಿಎಸ್4 ಪ್ರೊ ಹಿಂದೆ ಬೆಳಕಿನ ಮೂಲಕ ಸೌಂಡ್ ಕಳಿಸುವ ಆಪ್ಟಿಕಲ್ ಪೋರ್ಟ್ ಇದೆ. ಆಪ್ಟಿಕಲ್‌ನಿಂದ ಸ್ಪೀಕರ್ ಜ್ಯಾಕಿಗೆ ಇಳಿಸುವ ಸಣ್ಣ ಡಬ್ಬಿ ಸಿಗುತ್ತದೆ. ಅದಕ್ಕೆ ಅರ್ಥವಾಗುವುದು ಸಾದಾ ಸ್ಟೀರಿಯೋ ಮಾತ್ರ, ಆಗಲೇ "ಲೀನಿಯರ್ ಪಿಸಿಎಂ" ಹಾಕಲು ಹೇಳಿದ್ದು ಅದಕ್ಕೇ. ಡಾಲ್ಬಿ ಅಂತ ಇದ್ದರೆ ಡಬ್ಬಿಯಿಂದ ಸೌಂಡೇ ಬರುವುದಿಲ್ಲ. ನಮ್ಮದು ಸ್ಲಿಮ್, ಅದರಲ್ಲಿ ಆಪ್ಟಿಕಲ್ ತೆಗೆದುಬಿಟ್ಟಿದ್ದಾರೆ. ಹಾಗಾಗಿ ನಾನು ಎಚ್‌ಡಿಎಂಐ ಆಡಿಯೋ ಎಕ್ಸ್‌ಟ್ರಾಕ್ಟರ್ ತಂದೆ. ಪಿಎಸ್4ನಿಂದ ಅದರೊಳಗೆ ಎಚ್‌ಡಿಎಂಐ ಹೋಗುತ್ತದೆ, ಇನ್ನೊಂದು ಕಡೆಯಿಂದ ಚಿತ್ರ ಮಾನಿಟರಿಗೆ, ಪಕ್ಕದ ಜ್ಯಾಕಿನಿಂದ ಸೌಂಡ್ ಸ್ಪೀಕರಿಗೆ.

ಜೋಡಿಸಿದೆ, ಮತ್ತೆ ಮೌನ. ಇದು ನನ್ನನ್ನು ಬಹಳ ಕಾಡಿತು. ವಿಷಯ ಏನೆಂದರೆ, ಜೋಡಿಸಿದ ತಕ್ಷಣ ಮಾನಿಟರ್ ತನ್ನ ವಿವರವನ್ನೆಲ್ಲ ಪಿಎಸ್4ಗೆ ಹೇಳಿಕೊಳ್ಳುತ್ತದೆ, ನನ್ನ ಅಳತೆ ಇಷ್ಟು, ನನಗೆ ಇದು ಬರುತ್ತದೆ, ಇದು ಬರುವುದಿಲ್ಲ ಅಂತ. ಈ ಪರಿಚಯ ಪತ್ರಕ್ಕೆ ಇಡಿಐಡಿ ಅಂತ ಹೆಸರು. ಡಿವಿಐ ಮಾನಿಟರಿನ ಪತ್ರದಲ್ಲಿ ಸೌಂಡಿನ ಮಾತೇ ಇರುವುದಿಲ್ಲ, ಅದನ್ನು ಓದಿದ ಪಿಎಸ್4 ಸೌಂಡ್ ಕಳಿಸುವುದನ್ನೇ ನಿಲ್ಲಿಸುತ್ತದೆ. ಇಳಿಸಿಕೊಳ್ಳಲು ಎಕ್ಸ್‌ಟ್ರಾಕ್ಟರಿಗೆ ಏನೂ ಇರುವುದಿಲ್ಲ. ಅದಕ್ಕೇ ಒಳ್ಳೆಯ ಎಕ್ಸ್‌ಟ್ರಾಕ್ಟರಿನಲ್ಲಿ "ಪಾಸ್", "2ಸಿಎಚ್", "5.1" ಅಂತ ಬರೆದ ಪುಟ್ಟ ಸ್ವಿಚ್ ಇರುತ್ತದೆ. "2ಸಿಎಚ್" ಕಡೆ ತಳ್ಳಿ, ಪಿಎಸ್4 ಆಫ್ ಮಾಡಿ ಆನ್ ಮಾಡಿ. ಆಗ ಮಾನಿಟರ್ ಪರವಾಗಿ ಎಕ್ಸ್‌ಟ್ರಾಕ್ಟರೇ ನನಗೆ ಸ್ಟೀರಿಯೋ ಬರುತ್ತದೆ ಅಂತ ಹೇಳುತ್ತದೆ. ಮೂರನೇ ಭಾನುವಾರ ಸಂಜೆ ಹಳೇ ಕಂಪ್ಯೂಟರಿನ ಸ್ಪೀಕರಿನಿಂದ ಸೌಂಡ್ ಬಂದಾಗ ನನಗಾದ ಖುಷಿ ಹುಡುಗನಿಗಿಂತ ಜಾಸ್ತಿ. ಈ ಸ್ವಿಚ್ ಇಲ್ಲದ ಎಕ್ಸ್‌ಟ್ರಾಕ್ಟರ್ ಡಿವಿಐ ಮಾನಿಟರಿಗೆ ತರಬೇಡಿ.

ಜೋಡಿಸುವಾಗ

ಎಲ್ಲದರ ಸ್ವಿಚ್ ಗೋಡೆಯಲ್ಲೇ ಆಫ್ ಮಾಡಿ. ಅರ್ಥಿಂಗ್ ಸರಿ ಇಲ್ಲದ ಮನೆಗಳಲ್ಲಿ ಲೋಹದ ಭಾಗ ಮುಟ್ಟಿದರೆ ಜುಮ್ ಅನ್ನುತ್ತದೆ, ಆ ಕರೆಂಟ್ ಎಚ್‌ಡಿಎಂಐ ಪಿನ್ನಿನ ಮೂಲಕ ಹರಿದರೆ ಪೋರ್ಟ್ ಸುಡಬಹುದು. ಮೊದಲು ಮಾನಿಟರ್ ಕಡೆಯ ಕೇಬಲ್, ಸ್ಕ್ರೂ ತಿರುಗಿಸಿ ಬಿಗಿ ಮಾಡಿ. ಆಮೇಲೆ ಕನ್ವರ್ಟರ್, ಅದರ ಕರೆಂಟ್ ವೈರು, ಸ್ಪೀಕರ್ ವೈರು, ಕೊನೆಗೆ ಪಿಎಸ್4. ಮಾನಿಟರ್ ಮೊದಲು ಆನ್ ಮಾಡಿ, ಅದರ "ಸೋರ್ಸ್" ಅಥವಾ "ಇನ್‌ಪುಟ್" ಬಟನ್ ಒತ್ತಿ ನೀವು ಹಾಕಿದ ಪೋರ್ಟನ್ನು ಆರಿಸಿ. ಆಮೇಲೆ ಪಿಎಸ್4 ಆನ್ ಮಾಡಿ.

ವಿಜಿಎಯಲ್ಲಿ ಚಿತ್ರ ಬಂದರೂ ಒಂದು ಪಕ್ಕಕ್ಕೆ ಸರಿದಿರಬಹುದು, ಅಕ್ಷರ ಮಸುಕಾಗಿರಬಹುದು. ಮಾನಿಟರಿನಲ್ಲಿ "ಆಟೋ" ಅನ್ನುವ ಬಟನ್ ಇರುತ್ತದೆ. ಪರದೆ ಪೂರ್ತಿ ಬೆಳ್ಳಗೆ, ಅಂಚಿನವರೆಗೂ ತುಂಬಿರುವ ಚಿತ್ರ ಇದ್ದಾಗ ಅದನ್ನು ಒತ್ತಿ, ಕಪ್ಪು ಪರದೆಯಲ್ಲಿ ಒತ್ತಿದರೆ ಅಂಚು ಎಲ್ಲಿದೆ ಅಂತ ಅದಕ್ಕೆ ತಿಳಿಯುವುದಿಲ್ಲ. ಕಪ್ಪು ಬಣ್ಣ ಬೂದಿ ಬೂದಿಯಾಗಿ ಕಂಡರೆ ಪಿಎಸ್4ನ ವಿಡಿಯೋ ಸೆಟ್ಟಿಂಗಿನಲ್ಲಿ "ಆರ್‌ಜಿಬಿ ರೇಂಜ್" ಅನ್ನು "ಫುಲ್" ಮಾಡಿ. ಟಿವಿಗಳು ಕಪ್ಪನ್ನು 16ನೇ ಮಟ್ಟದಿಂದ ಎಣಿಸುತ್ತವೆ, ಕಂಪ್ಯೂಟರ್ ಮಾನಿಟರ್ 0ಯಿಂದ, ಅದಕ್ಕೇ ಈ ಬೂದಿ ಬಣ್ಣ. ನಿಂಟೆಂಡೋ ಸ್ವಿಚ್‌ನಲ್ಲೂ ಇದೇ ಹೆಸರಿನ ಆಯ್ಕೆ ಇದೆ, ಎಕ್ಸ್‌ಬಾಕ್ಸ್‌ನಲ್ಲಿ "ಕಲರ್ ಸ್ಪೇಸ್" ಒಳಗೆ "ಪಿಸಿ ಆರ್‌ಜಿಬಿ" ಅಂತ ಇರುತ್ತದೆ.

ಏನೂ ಕಾಣದಿದ್ದರೆ

ಪರದೆಯ ಮೇಲೆ "ಔಟ್ ಆಫ್ ರೇಂಜ್" ಅಥವಾ "ಇನ್‌ಪುಟ್ ನಾಟ್ ಸಪೋರ್ಟೆಡ್" ಅಂತ ಬಂದರೆ ಬೇಜಾರಾಗಬೇಡಿ, ಅದು ಒಳ್ಳೆಯ ಸುದ್ದಿ. ಸಿಗ್ನಲ್ ಬರುತ್ತಿದೆ, ಅಳತೆ ಮಾತ್ರ ಹೊಂದುತ್ತಿಲ್ಲ ಅಂತ ಅರ್ಥ. "ನೋ ಸಿಗ್ನಲ್" ಅಂತ ಬಂದರೆ ಕೇಬಲ್, ಕನ್ವರ್ಟರಿನ ದಿಕ್ಕು, ಅದರ ಕರೆಂಟ್, ಎಚ್‌ಡಿಸಿಪಿ, ಇದೇ ಕ್ರಮದಲ್ಲಿ ನೋಡಿ.

ಅಳತೆ ಹೊಂದದಿದ್ದಾಗ ಟಿವಿಗೆ ವಾಪಸ್ ಹೋಗದೆ ಮಾಡುವ ದಾರಿ ಇದೆ. ಪಿಎಸ್4 ಪೂರ್ತಿ ಆಫ್ ಮಾಡಿ. ಪವರ್ ಬಟನ್ ಒತ್ತಿ ಹಿಡಿದುಕೊಳ್ಳಿ. ಒತ್ತಿದ ಕೂಡಲೇ ಒಂದು ಬೀಪ್, ಸುಮಾರು ಏಳು ಸೆಕೆಂಡಿಗೆ ಇನ್ನೊಂದು ಬೀಪ್, ಆಗ ಬಿಡಿ. ಕಂಟ್ರೋಲರನ್ನು ಯುಎಸ್‌ಬಿ ವೈರಿನಲ್ಲಿ ಜೋಡಿಸಿ ಮಧ್ಯದ ಪಿಎಸ್ ಬಟನ್ ಒತ್ತಿ. ಸೇಫ್ ಮೋಡ್ ಮೆನು ಬರುತ್ತದೆ, ಅದರಲ್ಲಿ ಎರಡನೆಯದು "ಚೇಂಜ್ ರೆಸಲ್ಯೂಷನ್". ಅದನ್ನು ಒತ್ತಿದರೆ ಪಿಎಸ್4 480ಪಿಯಲ್ಲಿ ಮತ್ತೆ ಶುರುವಾಗುತ್ತದೆ, ಅಲ್ಲಿಂದ ನಿಮಗೆ ಬೇಕಾದ್ದು ಹಾಕಿಕೊಳ್ಳಿ. ಆ ಪಟ್ಟಿಯಲ್ಲಿ ಕೆಳಗೆ "ಇನಿಶಿಯಲೈಸ್" ಅಂತ ಇರುವವನ್ನು ಮುಟ್ಟಲೇಬೇಡಿ, ಆಟದ ಸೇವ್ ಎಲ್ಲ ಅಳಿಸಿಹೋಗುತ್ತದೆ. ಪಿಎಸ್5ನ ಸೇಫ್ ಮೋಡಿನಲ್ಲಿ ಇನ್ನೂ ಅನುಕೂಲ, ಅಲ್ಲಿಂದಲೇ ಎಚ್‌ಡಿಸಿಪಿಯನ್ನೂ ಬದಲಾಯಿಸಬಹುದು. ಪಿಎಸ್3ನಲ್ಲಿ ಪವರ್ ಬಟನನ್ನು ಎರಡನೇ ಬೀಪಿನವರೆಗೆ ಹಿಡಿದರೆ ವಿಡಿಯೋ ಸೆಟ್ಟಿಂಗ್ ಮೊದಲಿನ ಹಾಗಾಗುತ್ತದೆ.

ದಪ್ಪ ಡಬ್ಬಿಯಂಥ ಹಳೇ ಸಿಆರ್‌ಟಿ ಮಾನಿಟರಿಗೂ ವಿಜಿಎ ಕನ್ವರ್ಟರ್ ನಡೆಯುತ್ತದೆ. 720ಪಿಗೆ ಅದು ಸೆಕೆಂಡಿಗೆ 45 ಸಾವಿರ ಗೆರೆ ಬರೆಯಬೇಕು, 1080ಪಿಗೆ 67,500. ಹಳೇ ಸಣ್ಣ ಮಾನಿಟರುಗಳಲ್ಲಿ ಬಹಳಷ್ಟಕ್ಕೆ ಎರಡನೆಯದು ಆಗುವುದಿಲ್ಲ, 720ಪಿಯಲ್ಲೇ ಬಿಡಿ. ಏನೇ ಆದರೂ ಅದರ ಹಿಂಬದಿ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು.

ಹಳದಿ, ಕೆಂಪು, ಬಿಳಿ ವೈರಿನ ಕನ್ಸೋಲುಗಳು

ಪಿಎಸ್2, ಕ್ಯಾಸೆಟ್ ಹಾಕುವ ಹಳೇ ವಿಡಿಯೋ ಗೇಮ್ ಇವೆಲ್ಲ ಈ ಜಾತಿ. ಇವುಗಳ ಸಿಗ್ನಲ್ ಹಳೇ ಟಿವಿಯದ್ದು. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ, ಒಟ್ಟು 15,625 ಗೆರೆ. ವಿಜಿಎ ಮಾನಿಟರಿಗೆ ಕಡಿಮೆಯೆಂದರೂ ಸುಮಾರು 31 ಸಾವಿರ ಬೇಕು. ಹಾಗಾಗಿ ಪಿನ್ ಆಕಾರ ಹೇಗೆ ಬದಲಾಯಿಸಿದರೂ ಚಿತ್ರ ಬರುವುದಿಲ್ಲ, ಗೆರೆಗಳನ್ನು ಹೆಚ್ಚಿಸಿ ಕೊಡುವ ಡಬ್ಬಿ ಬೇಕು. ಪಿಎಸ್2 ಹಿಂದೆ ಚುಚ್ಚುವ ಪುಟ್ಟ ಎಚ್‌ಡಿಎಂಐ ತುಂಡುಗಳು ಈ ಕೆಲಸ ಮಾಡುವುದಿಲ್ಲ, ಬೆಸ-ಸರಿ ಗೆರೆಯ ಸಿಗ್ನಲನ್ನು ಹಾಗೇ ದಾಟಿಸುತ್ತವೆ, ಟಿವಿಯಲ್ಲಿ ನಡೆದದ್ದು ಮಾನಿಟರಿನಲ್ಲಿ ನಡೆಯುವುದಿಲ್ಲ.

ಆದರೆ ನಿಮ್ಮ ಅಟ್ಟವನ್ನು ಇನ್ನೊಮ್ಮೆ ಹುಡುಕಿ. ಹಿಂದೆ ಕಂಪ್ಯೂಟರ್ ಮಾನಿಟರಿನಲ್ಲೇ ಕೇಬಲ್ ಟಿವಿ ನೋಡಲು ಹೊರಗೆ ಇಡುವ ಟಿವಿ ಟ್ಯೂನರ್ ಡಬ್ಬಿ ತರುತ್ತಿದ್ದೆವು, ನೆನಪಿದೆಯಾ? ಅದರಲ್ಲಿ ಸಾಮಾನ್ಯವಾಗಿ ಹಳದಿ, ಕೆಂಪು, ಬಿಳಿ ತೂತುಗಳೂ ಇರುತ್ತವೆ, ಮಾನಿಟರಿಗೆ ವಿಜಿಎ, ಸ್ಪೀಕರಿಗೆ ಜ್ಯಾಕ್ ಕೂಡ ಇರುತ್ತದೆ. ಪಿಎಸ್2ಗೆ ಇದಕ್ಕಿಂತ ಸುಲಭದ್ದು ಬೇರೆ ಇಲ್ಲ. ರಿಮೋಟಿನಲ್ಲಿ "ಎವಿ" ಒತ್ತಿದರೆ ಆಟ ಶುರು.

ಎಕ್ಸ್‌ಬಾಕ್ಸ್ 360 ಇರುವವರು ಅದೃಷ್ಟವಂತರು. ಅದಕ್ಕೆ ವಿಜಿಎ ಕೇಬಲನ್ನು ಮೈಕ್ರೋಸಾಫ್ಟೇ ಮಾಡಿತ್ತು, ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿದರೆ ಸಿಗುತ್ತದೆ. 1280×1024, 1440×900 ಅಳತೆಗಳೂ ಅದರ ಮೆನುವಿನಲ್ಲೇ ಇವೆ. 2013ರ 360 ಇ ಮಾಡೆಲಿಗೆ ಮಾತ್ರ ಅದು ಕೂರುವುದಿಲ್ಲ, ಹಿಂದಿನ ಪೋರ್ಟನ್ನೇ ಬದಲಾಯಿಸಿದ್ದಾರೆ.

ಮತ್ತೆ ಟಿವಿಗೆ ಒಯ್ಯುವಾಗ

ಹಬ್ಬಕ್ಕೆ ನೆಂಟರ ಮಕ್ಕಳು ಬಂದಾಗ ಪಿಎಸ್4 ಮತ್ತೆ ಹಾಲ್‌ನ ಟಿವಿಗೆ ಹೋಗುತ್ತದೆ. ಮಾನಿಟರಿನಿಂದ ಬಿಚ್ಚುವ ಮೊದಲು ರೆಸಲ್ಯೂಷನ್ "ಆಟೋಮ್ಯಾಟಿಕ್", ಆರ್‌ಜಿಬಿ ರೇಂಜ್ "ಆಟೋಮ್ಯಾಟಿಕ್" ಮಾಡಿ. ಟಿವಿಗೆ ಹಾಕಿ ಚಿತ್ರ ಬಂದ ಮೇಲೆ ಎಚ್‌ಡಿಸಿಪಿ ಟಿಕ್ ಹಾಕಿ, ಇಲ್ಲದಿದ್ದರೆ ಸಿನಿಮಾ ಆ್ಯಪ್ ಓಡುವುದಿಲ್ಲ. ವಾಪಸ್ ತರುವ ಮೊದಲು ಆ ಟಿಕ್ ಮತ್ತೆ ತೆಗೆಯಬೇಕು. ನಮ್ಮ ಹುಡುಗ ಇದನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರಿನ ಬೆನ್ನಿಗೇ ಅಂಟಿಸಿದ್ದಾನೆ, ಡಿವಿಐ ಪೋರ್ಟಿನ ಪಕ್ಕದಲ್ಲಿ.